ಒಂಬತ್ತು ಹೂವಿನ ಜಪ್ತಿ

ತಕ್ಕಡಿ ಸಾಹೇಬರ ಕೈಯಲ್ಲಿ ಗಿಡ ಬದುಕುವುದಿಲ್ಲ ಎಂಬುದು ಅವರ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಹಿಂದೊಮ್ಮೆ ಅವರು ಕಳ್ಳಿಗಿಡವೊಂದನ್ನು ಒಣಗಿಸಿದ್ದರು. ನೀರು ಹೆಚ್ಚಾಗಿ ಕೊಳೆತ ಕಳ್ಳಿಯನ್ನು ಎಲ್ಲರೂ ನೋಡಿರುತ್ತಾರೆ. ನೀರಿಲ್ಲದೆ ಸತ್ತ ಕಳ್ಳಿಯನ್ನು ಆ ಬೀದಿಯವರು ಕಂಡದ್ದು ಅದೇ ಮೊದಲು. ಕೆಲವರು ಕೆಲಸ ಬಿಟ್ಟು ಬಂದು ನೋಡಿಹೋದರು.

ಸಾಹೇಬರಿಗೆ ಆ ಹೆಸರು ಬಂದದ್ದು ಉದ್ಯೋಗದಿಂದ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷದ ನೌಕರಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಸುಳ್ಳು ಹೇಳುವ ತಕ್ಕಡಿಯನ್ನು ಜಪ್ತಿ ಮಾಡಿ ಹೊತ್ತು ತರುವುದು. ಅವರು ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ತರಕಾರಿಯವಳ ಹೆಬ್ಬೆರಳು ತಕ್ಕಡಿಯ ತಟ್ಟೆಯಿಂದ ತಾನಾಗಿ ಮೇಲೇಳುತ್ತಿತ್ತು.

ಇಂಥ ಸಾಹೇಬರ ಹೆಂಡತಿ ಮನೆ ಬಿಟ್ಟು ನಲವತ್ತು ದಿನವಾಗಿತ್ತು. ಜಗಳವೇನಿಲ್ಲ. ಆಕೆಯ ಅಕ್ಕ ಸ್ನಾನದ ಮನೆಯಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು, ನೋಡಿಕೊಳ್ಳಲು ಹೋಗಿದ್ದಳು. ಬಸ್ಸಿನಲ್ಲಿ ಏಳು ಗಂಟೆಯ ದಾರಿ.

ಆಕೆಗೆ ಸಂಜೆಯ ಹೊತ್ತು ಅಡುಗೆಮನೆಯಲ್ಲಿ ಪದ್ಯ ಹೇಳಿಕೊಳ್ಳುವ ಅಭ್ಯಾಸ. ಚಿಕ್ಕಂದಿನಲ್ಲಿ ಹಿರಿಯರು ಹೇಳುತ್ತಿದ್ದುದನ್ನು ಕೇಳಿ ಕೇಳಿ ಬಾಯಿಗೆ ಬಂದ ಪದ್ಯಗಳು. ಮೊದಲೆರಡು ಸಾಲು ಸರಾಗ. ಮೂರನೆಯದು ಪ್ರತಿಸಲವೂ ಕೈಕೊಡುತ್ತಿತ್ತು. ಆಗ ಹೊರಕೋಣೆಯಿಂದ ಸಾಹೇಬರು ಮೂರನೆಯ ಸಾಲನ್ನು ಎತ್ತಿಕೊಡುವರು, ಒಳಗಿನಿಂದ ನಾಲ್ಕನೆಯದು ಬಂದು ಪದ್ಯ ಮುಗಿಯುವುದು. ಈಗಲೂ ಆರು ಗಂಟೆಯಾಯಿತೆಂದರೆ ಸಾಹೇಬರ ಬಾಯಿಗೆ ಮೂರನೆಯ ಸಾಲು ಬಂದು ನಿಲ್ಲುತ್ತಿತ್ತು. ಹೇಳಿ, ಅಡುಗೆಮನೆಯ ಕಡೆ ಕಿವಿಗೊಟ್ಟು ಕೂರುತ್ತಿದ್ದರು. ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.

ನಲವತ್ತೊಂದನೆಯ ದಿನ ಅವರು ಗೊಬ್ಬರದ ತಕ್ಕಡಿ ಪರೀಕ್ಷಿಸಲೆಂದು ಒಂದು ನರ್ಸರಿಗೆ ಹೋದರು. ತಕ್ಕಡಿ ಸತ್ಯವನ್ನೇ ಹೇಳಿತು. ಮುದ್ರೆ ಒತ್ತಿ ತಲೆಯೆತ್ತಿದರೆ ಎದುರಿಗೆ ಒಂದು ಆರ್ಕಿಡ್. ಬಾಗಿದ ಒಂದೇ ಕಡ್ಡಿಯ ಮೇಲೆ ಒಂಬತ್ತು ನೇರಳೆ ಹೂವು, ಸಾಲಾಗಿ, ಯಾರದೋ ಬರವನ್ನು ಕಾಯುತ್ತಾ ಕಟ್ಟೆಯ ಮೇಲೆ ಕೂತಂತೆ. ಹಿಂದೆ ಒಂದು ಅಂಗಡಿಯ ಗಾಜಿನಾಚೆ ಇಂಥದ್ದನ್ನೇ ನೋಡುತ್ತಾ ಹೆಂಡತಿ ಬಹಳ ಹೊತ್ತು ನಿಂತದ್ದು ಸಾಹೇಬರಿಗೆ ನೆನಪಾಯಿತು. "ತಿಂಗಳುಗಟ್ಟಲೆ ಬಾಡಲ್ವಂತೆ ಕಣ್ರೀ. ಇದು ಹೂವಲ್ಲ, ಹಠ" ಎಂದಿದ್ದಳು.

"ಇದನ್ನ ನೋಡ್ಕೊಳ್ಳೋದು ಹೇಗಮ್ಮಾ?" ಎಂದು ಕೇಳಿದರು.

ನರ್ಸರಿಯಾಕೆ ಹೇಳಿದಳು: "ಏನೂ ಇಲ್ಲ ಸಾರ್. ದಿನಾ ಕುಂಡ ಎತ್ತಿ ನೋಡಿ. ಹಗುರ ಅನ್ನಿಸಿದ್ರೆ ನೀರು ಹಾಕಿ, ಭಾರ ಇದ್ರೆ ಸುಮ್ನಿರಿ. ಸುಮ್ನಿರೋದೇ ಇದರ ಆರೈಕೆ. ಜನ ಇದನ್ನ ಕೊಲ್ಲೋದು ಪ್ರೀತಿ ಜಾಸ್ತಿಯಾಗಿ."

ಅಂದು ಸಂಜೆ ಹೆಂಡತಿಯ ಫೋನು ಬಂದಾಗ ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತು, "ಆರ್ಕಿಡ್ ತಂದಿದೀನಿ. ಒಂಬತ್ತು ಹೂವು" ಎಂದರು.

"ಯಾರಿಗೆ ಕೊಡೋಕೆ?"

"ಕೊಡೋಕೆ ಯಾಕೆ? ನಮಗೇ. ನಾನೇ ನೋಡ್ಕೋತೀನಿ."

"ಕಳ್ಳೀನೇ ಒಣಗಿಸಿದ ಮಹಾನುಭಾವರು ನೀವು."

"ನೀನು ಬರೋ ಹೊತ್ತಿಗೆ ಒಂಬತ್ತಕ್ಕೆ ಒಂಬತ್ತೂ ಇರುತ್ತೆ. ಎಣಿಸ್ಕೋ."

ಹೆಂಡತಿಯ ದನಿ ಮೆತ್ತಗಾಯಿತು. "ಇರ್ಲಿ ಕಣ್ರೀ, ಇರ್ಲಿ. ಇಲ್ಲಿ ಮುಲಾಮಿನ ವಾಸನೆ ಬಿಟ್ರೆ ಬೇರೇನಿಲ್ಲ. ಇನ್ನು ಬರೋ ತನಕ ಆ ಹೂವನ್ನೇ ನೆನೆಸ್ಕೊಂಡು ದಿನ ತಳ್ತೀನಿ."

ಈ ಒಂದು ಮಾತು ಸಾಹೇಬರ ತಲೆಯ ಮೇಲೆ ಮಣಭಾರದ ಕಲ್ಲಿನಂತೆ ಕೂತಿತು. ಆಕೆ ಬಂದು ಬಾಗಿಲು ತೆರೆದಾಗ ಒಂಬತ್ತು ಹೂವು ಕಾಣಲೇಬೇಕು. ಅವರಿಗೆ ಲೋಕದಲ್ಲಿ ಬೇರೆ ಕೆಲಸ ಉಳಿಯಲಿಲ್ಲ.

ಈಗ ಕುಂಡ ಎತ್ತಿ ನೋಡುವ ವಿಷಯ. ಬೇರೆ ಯಾರಾದರೂ ಆಗಿದ್ದರೆ ಕೈಯಲ್ಲಿ ಎತ್ತಿ, "ಹಗುರವಾಗಿದೆ" ಎಂದು ನೀರು ಹಾಕಿ ಮುಗಿಸುತ್ತಿದ್ದರು. ಆದರೆ ಕೈಯಂದಾಜಿನ ಮೇಲೆ ವ್ಯವಹಾರ ಮಾಡುವವರನ್ನು ಇಪ್ಪತ್ತಾರು ವರ್ಷ ಹಿಡಿದು ತಂದ ಮನುಷ್ಯ ತಾನೇ ಅಂದಾಜು ಮಾಡುವುದೆಂದರೆ ಹೇಗೆ? ಮನೆಯಲ್ಲೊಂದು ಅಡುಗೆಯ ತಕ್ಕಡಿಯೇನೋ ಇತ್ತು. ಅದು ದೋಷಯುಕ್ತ ಎಂದು ಅವರೇ ಘೋಷಿಸಿ, ಹೆಂಡತಿ ಬಳಸದಂತೆ ಮೇಲಿನ ಹಲಗೆಗೆ ಏರಿಸಿದ್ದರು. ಆದ್ದರಿಂದ ಮರುದಿನದಿಂದ ಆರ್ಕಿಡ್ ಕಚೇರಿಗೆ ಹೋಗತೊಡಗಿತು.

ಬಸ್ಸಿನಲ್ಲಿ ತೊಡೆಯ ಮೇಲೆ ಕುಂಡ, ಹೂವಿನ ಸುತ್ತ ಎರಡು ಕೈಯ ಬೇಲಿ. ಮೊದಲ ದಿನ ಪಕ್ಕದವರು ಎದ್ದು ದೂರ ನಿಂತರು. ಎರಡನೆಯ ದಿನ ಒಬ್ಬಾಕೆ, "ಆಸ್ಪತ್ರೆಗಾ?" ಎಂದು ಕನಿಕರದಿಂದ ವಿಚಾರಿಸಿದಳು. ಮೂರನೆಯ ದಿನ ಕಂಡಕ್ಟರನೇ ಹಿಂದಿನ ಸೀಟಿನವನಿಗೆ, "ಸ್ವಲ್ಪ ಕಿಟಕಿ ಹಾಕಪ್ಪಾ, ಪಾಪ, ಅದಕ್ಕೆ ಗಾಳಿ ಹೊಡಿಯುತ್ತೆ" ಎಂದ.

ಕಚೇರಿಯಲ್ಲಿ ಅಂಗಡಿಗಳ ತೂಕದ ಬಟ್ಟುಗಳನ್ನು ಪರೀಕ್ಷಿಸುವ ದೊಡ್ಡ ತಕ್ಕಡಿಯೊಂದಿತ್ತು. ಕೂದಲೆಳೆ ಬಿದ್ದರೂ ತಲೆದೂಗುವಂಥದ್ದು. ಸಾಹೇಬರು ದಿನಾ ಬೆಳಿಗ್ಗೆ ಅದರ ಮೇಲೆ ಆರ್ಕಿಡ್ ಇಟ್ಟು, ಉಸಿರು ಬಿಗಿಹಿಡಿದು ತೂಗಿ, ಎಷ್ಟು ಗ್ರಾಂ ಕಡಿಮೆಯೋ ಅಷ್ಟೇ ಗ್ರಾಂ ನೀರು ಹನಿಸುತ್ತಿದ್ದರು. ಗಿಡ ಲಕ್ಷಣವಾಗಿತ್ತು. ಹನ್ನೆರಡು ದಿನ ಹೀಗೆ ನಡೆಯಿತು.

ಹದಿಮೂರನೆಯ ದಿನ ತೂಕ ಮುಗಿಸುವಷ್ಟರಲ್ಲಿ ಸಂತೆಯಿಂದ ದೂರು ಬಂತು. ಸಾಹೇಬರು ಗಡಿಬಿಡಿಯಲ್ಲಿ ಕುಂಡವನ್ನು ಬಾಗಿಲ ಪಕ್ಕದ ಮೇಜಿನ ಮೇಲಿಟ್ಟು ಓಡಿದರು. ಆ ಕಚೇರಿಯಲ್ಲಿ ಬಾಗಿಲ ಪಕ್ಕದ ಮೇಜು ಎಂದರೆ ಜಪ್ತಿಯ ಮೇಜು. ಊಟದ ಹೊತ್ತಿಗೆ ಅದರ ಮೇಲೆ ಏನಿದ್ದರೂ ಹಿರಿಯ ಅಟೆಂಡರ್ ಚೀಟಿ ಕಟ್ಟಿ, ಸೀಸದ ಮುದ್ರೆ ಹಾಕಿ, ಜಪ್ತಿಕೋಣೆಗೆ ಸೇರಿಸಿ ಬಾಗಿಲಿಗೂ ಮುದ್ರೆ ಹಾಕುವುದು ಪದ್ಧತಿ. ಮೂವತ್ತು ವರ್ಷದಲ್ಲಿ ಅವರು ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ; ಒಮ್ಮೆ ಮೇಲಧಿಕಾರಿಗಳ ಊಟದ ಡಬ್ಬಿಯನ್ನೂ ಜಪ್ತಿ ಮಾಡಿದ್ದರು.

ಸಂಜೆ ಹಿಂತಿರುಗಿದ ಸಾಹೇಬರು ಮೇಜು ನೋಡಿದರು, ಬಾಗಿಲು ನೋಡಿದರು, ಅಟೆಂಡರನ್ನು ನೋಡಿದರು.

"ಅದು ನಂದು ಕಣಯ್ಯಾ."

"ಎಲ್ಲಾರೂ ಹಾಗೇ ಅಂತಾರೆ ಸಾರ್" ಎಂದರು ಅಟೆಂಡರ್, ಬೇಸರವಿಲ್ಲದೆ.

"ದಿನಾ ನಾನೇ ತರೋದನ್ನ ನೀನು ನೋಡಿಲ್ವಾ?"

"ನೋಡಿದೀನಿ ಸಾರ್. ದಿನಾ ತಂದು ತೂಗ್ತಿದ್ರಿ. ಇವತ್ತು ಸಿಕ್ಕಿಬಿತ್ತು ಅಂದ್ಕೊಂಡೆ."

ಮುದ್ರೆ ಒಡೆಯುವ ಅಧಿಕಾರ ಮೇಲಧಿಕಾರಿಗಳೊಬ್ಬರಿಗೇ. ಅವರು ಆರು ದಿನ ರಜೆ. ಆ ಆರು ದಿನ ಸಾಹೇಬರು ಜಪ್ತಿಕೋಣೆಯ ಬಾಗಿಲ ಬಳಿಯೇ ಕುರ್ಚಿ ಹಾಕಿಕೊಂಡು ಕೆಲಸ ಮಾಡಿದರು. ಬೀಗದ ತೂತಿನಿಂದ ಕಾಣುತ್ತಿದ್ದುದು ಕತ್ತಲೆ. ಆದರೆ ಒಳಗಿನಿಂದ ಮಾಗಿದ ಹಣ್ಣಿನ ಗಮಗಮ ವಾಸನೆ ಬರುತ್ತಿತ್ತು. ಹಣ್ಣಿನವನೊಬ್ಬನ ತಕ್ಕಡಿಯ ಜೊತೆ ಅವನ ಎರಡು ಬುಟ್ಟಿ ಬಾಳೆಹಣ್ಣನ್ನೂ ಅಟೆಂಡರ್ ಒಳಗೆ ಹಾಕಿದ್ದರು.

ಏಳನೆಯ ದಿನ ಮುದ್ರೆ ಒಡೆಯಿತು. ಮೇಲಧಿಕಾರಿಗಳು ಕನ್ನಡಕ ಏರಿಸಿ ಚೀಟಿ ಓದಿದರು: "ಕುಂಡ ಒಂದು. ಕಡ್ಡಿ ಒಂದು. ಹೂವು ಒಂಬತ್ತು." ಆಮೇಲೆ ಗಿಡ ನೋಡಿದರು. ಕುಂಡವಿತ್ತು. ಕಡ್ಡಿಯಿತ್ತು.

"ಇದು ಯಾರಿಂದ ಜಪ್ತಿಯಾಗಿದ್ದು?"

"ನನ್ನಿಂದ ಸಾರ್."

"ಜಪ್ತಿ ಮಾಡಿದ ಅಧಿಕಾರಿ ಯಾರು?"

"ನಾನೇ ಅಂತ ಬರ್ಕೊಂಡಿದಾರೆ ಸಾರ್."

"ಹಾಗಾದ್ರೆ ನೀವು ನಿಮಗೊಂದು ಅರ್ಜಿ ಕೊಡಿ, ನೀವೇ ಶಿಫಾರಸು ಮಾಡಿ, ನಾನು ಸಹಿ ಹಾಕ್ತೀನಿ. ಅದಿರಲಿ, ಚೀಟೀಲಿ ಒಂಬತ್ತು ಹೂವಿದೆ, ಇಲ್ಲಿ ಒಂದೂ ಇಲ್ಲ. ಜಪ್ತಿ ಮಾಲಿನಲ್ಲಿ ಕಡಿಮೆ ಬಿದ್ರೆ ಯಾರು ಹೊಣೆ?"

ಅಟೆಂಡರ್ ಒಂದು ಕಾಗದದ ಕವರನ್ನು ಭಕ್ತಿಯಿಂದ ಮುಂದಿಟ್ಟರು. "ಕಡಿಮೆ ಏನಿಲ್ಲ ಸಾರ್. ಒಂಬತ್ತೂ ಇದೆ, ಎಣಿಸಿಟ್ಟಿದೀನಿ. ಗಿಡದ ಮೇಲಿಲ್ಲ, ಅಷ್ಟೇ."

ಸಾಹೇಬರು ನೇರ ನರ್ಸರಿಗೆ ಓಡಿದರು. ನರ್ಸರಿಯಾಕೆ ಕಡ್ಡಿಯನ್ನು ತಿರುಗಿಸಿ ನೋಡಿ, "ಮಾಗಿದ ಹಣ್ಣಿನ ಪಕ್ಕ ಇಟ್ರಾ? ಆ ಗಾಳಿ ಸೋಕಿದ್ರೆ ಉದುರಿಬಿಡುತ್ತೆ ಸಾರ್. ಗಿಡಕ್ಕೇನೂ ಆಗಿಲ್ಲ, ಬೇರು ಹಸಿರಾಗಿದೆ. ಮತ್ತೆ ಬಿಡುತ್ತೆ" ಎಂದಳು.

"ಯಾವಾಗಮ್ಮಾ?"

"ಏಳೆಂಟು ತಿಂಗಳು."

"ಇಂಥದ್ದೇ ಇನ್ನೊಂದು ಇದೆಯಾ?" ಎಂಬ ಮಾತು ಸಾಹೇಬರ ನಾಲಿಗೆಯ ತುದಿಗೆ ಬಂತು. ಒಂದು ಮಾಲು ತೋರಿಸಿ ಇನ್ನೊಂದು ಮಾಲು ಕೊಟ್ಟವರನ್ನು ತಾವು ಏನೇನು ಬೈದಿದ್ದರೋ ಅದೆಲ್ಲ ಒಟ್ಟಿಗೆ ಕಿವಿಗೆ ಬಂತು. ನುಂಗಿಕೊಂಡರು.

ಅಂದು ಸಂಜೆಯೇ ಹೆಂಡತಿಯ ಫೋನು ಬರಬೇಕೇ? ದನಿಯಲ್ಲೇ ಹಿಗ್ಗು. "ರೀ, ಅಕ್ಕ ಇವತ್ತು ಕೋಲು ಹಿಡ್ಕೊಂಡು ಬೀದಿ ತುದಿ ತನಕ ಹೋಗಿಬಂದ್ಲು. ಭಾನುವಾರ ಬರ್ತೀನಿ. ಬಸ್ ಸ್ಟ್ಯಾಂಡಿಗೆ ಬರ್ತೀರಾ?"

ಅರವತ್ತು ದಿನದಿಂದ ಈ ಮಾತಿಗಾಗಿ ಸಾಹೇಬರು ಬದುಕಿದ್ದರು. ಅದು ಬಂದೇಬಂತು. ಅವರ ಕಣ್ಣು ಕಿಟಕಿಯ ಬಳಿಯ ಬೋಳು ಕಡ್ಡಿಯ ಮೇಲಿತ್ತು. ಬಾಯಿಂದ ಹೊರಟದ್ದು ಇದು:

"ಅಷ್ಟು ಅವಸರ ಏನಿದೆ? ಇನ್ನೂ ಸ್ವಲ್ಪ ದಿನ ಇರು."

"ಇರಲಾ?"

"ಅತ್ತಿಗೆ ಮೆಟ್ಟಿಲು ಹತ್ತೋದು ಕಲೀಲಿ."

"ಇವರ ಮನೇಲಿ ಮೆಟ್ಟಿಲೇ ಇಲ್ವಲ್ರೀ."

"ಬೇರೆಯವರ ಮನೇಲಿ ಇರಲ್ವಾ?"

ಹೆಂಡತಿ, "ಹೂವು ಹೇಗಿದೆ?" ಎಂದಳು.

"ಒಂಬತ್ತೂ ಇದೆ" ಎಂದರು ಸಾಹೇಬರು. ಕವರು ಮೇಜಿನ ಮೇಲೇ ಇತ್ತು. ಕಟ್ಟುನಿಟ್ಟಾಗಿ ನೋಡಿದರೆ ಇದು ಸುಳ್ಳಲ್ಲ ಎಂದು ತಮಗೆ ತಾವೇ ಮುದ್ರೆ ಒತ್ತಿಕೊಂಡರು. ಫೋನಿಟ್ಟು ಅವರು ಮಾಡಿದ ಮೊದಲ ಕೆಲಸ, ಭಾನುವಾರದ ಬಸ್ಸು ಎಷ್ಟು ಗಂಟೆಗೆ ಬರುತ್ತದೆಂದು ವಿಚಾರಿಸಿದ್ದು. ಭಾನುವಾರ ಆ ಹೊತ್ತಿಗೆ ನಿಲ್ದಾಣಕ್ಕೂ ಹೋದರು. ಬಸ್ಸಿನಿಂದ ಇಳಿದವರನ್ನೆಲ್ಲ ನೋಡಿದರು. ತಾವೇ ಬರಬೇಡ ಎಂದಿದ್ದ ಹೆಂಡತಿ ಬರಲಿಲ್ಲವೆಂದು ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ನಡೆದರು.

ಆಮೇಲೆ ಆರೈಕೆ ಶುರುವಾಯಿತು. ಎಂಟು ತಿಂಗಳ ಕೆಲಸವನ್ನು ಎರಡು ವಾರದಲ್ಲಿ ಮುಗಿಸಿಕೊಡು ಎಂದು ಗಿಡವನ್ನು ಒಪ್ಪಿಸಬೇಕಾಗಿತ್ತು. ಬಿಸಿಲು ತಾಗದಂತೆ ಕಿಟಕಿಗಳಿಗೆ ಪರದೆ ಬಂತು. ಬೆಳಿಗ್ಗೆ ಸ್ನಾನದ ಮನೆಯ ಹಬೆಯಲ್ಲಿ ಗಿಡಕ್ಕೆ ಅರ್ಧ ಗಂಟೆ ವಾಸ. ಸಂಜೆ ಸ್ಪ್ರೇ ಬಾಟಲಿಯಿಂದ ಎಲೆಗಳಿಗೆ ತುಂತುರು, ಹತ್ತಿಯಿಂದ ಒರಸುವುದು, ಬುದ್ಧಿ ಹೇಳುವುದು. "ಹೀಗೆ ಮುಖ ತಿರುಗಿಸ್ಕೊಂಡು ಕೂತ್ರೆ ಹೇಗೆ ಹೇಳು. ನನ್ನ ಮಾನ ನಿನ್ನ ಕೈಲಿದೆ. ಅವಳು ಬರೋದ್ರೊಳಗೆ ಏನಾದ್ರೂ ಒಂದು ತೀರ್ಮಾನ ಆಗ್ಬೇಕಪ್ಪಾ."

ಮಹಡಿಯ ಮನೆಯಲ್ಲಿ ನಿವೃತ್ತ ಹೆಡ್‌ಮೇಡಂ ಇದ್ದರು. ಮೂವತ್ತೈದು ವರ್ಷ ಮಕ್ಕಳ ಪಿಸುಮಾತನ್ನು ಕಪ್ಪುಹಲಗೆಯ ಕಡೆ ತಿರುಗಿಕೊಂಡೇ ಹಿಡಿದ ಕಿವಿ ಅದು. ಅವರು ಪರದೆಗಳನ್ನು ಕಂಡರು, ಸ್ನಾನದ ಮನೆಯಲ್ಲಿ ಎರಡು ಸಲ ನೀರು ಬಿಡುವುದನ್ನು ಕೇಳಿದರು, ಬುದ್ಧಿಮಾತನ್ನೂ ಕೇಳಿದರು. ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ಸಾಹೇಬರನ್ನು ತಡೆದು, "ಮನೇಲಿ ನೆಂಟರಾ?" ಎಂದರು.

"ಇಲ್ವಲ್ಲಾ ಮೇಡಂ."

"ಯಾರ ಜೊತೆಗೋ ಮಾತಾಡ್ತಿದ್ರಿ."

ಕಳ್ಳಿಗಿಡದ ದಿನ ಗಟ್ಟಿಯಾಗಿ ನಕ್ಕವರಲ್ಲಿ ಹೆಡ್‌ಮೇಡಂ ಮೊದಲಿಗರು. ಸಾಹೇಬರು, "ಪದ್ಯ ಹೇಳ್ಕೋತಿದ್ದೆ" ಎಂದುಬಿಟ್ಟರು.

ಹೆಡ್‌ಮೇಡಂ ಚಾಡಿ ಹೇಳುವವರಲ್ಲ. ಪೋಷಕರಿಗೆ ತಿಳಿಸುವುದು ಕರ್ತವ್ಯ ಎಂದುಕೊಂಡವರು. ಅಂದೇ ಸಾಹೇಬರ ಹೆಂಡತಿಗೆ ಫೋನು ಮಾಡಿ, "ನಾನೇನೂ ಹೇಳಲ್ಲಮ್ಮಾ. ಕಿಟಕಿಗೆಲ್ಲ ಪರದೆ ಹಾಕಿದಾರೆ. ದಿನಾ ಸಂಜೆ ಯಾರಿಗೋ ಸಮಾಧಾನ ಮಾಡ್ತಾರೆ. ಅಷ್ಟೇ ನನಗೆ ಗೊತ್ತಿರೋದು" ಎಂದರು. ಅದೇ ದಿನ ಸಂಜೆ ಹೆಂಡತಿ, "ಈ ಭಾನುವಾರ ಬರಲಾ?" ಎಂದಾಗ ಸಾಹೇಬರು, "ಮನೆಗೆ ಬಣ್ಣ ಹೊಡಿಸೋಣ ಅಂತಿದೀನಿ, ನಿಂಗೆ ಆ ವಾಸನೆ ಆಗಲ್ಲ" ಎಂದರು. ಆಕೆ "ಸರಿ" ಎಂದಳು. ಒಂದೇ ಅಕ್ಷರದಷ್ಟು ಚಿಕ್ಕದಾಗಿ ಹೇಳಿದಳು.

ಎರಡು ದಿನದಲ್ಲಿ ಬಾಮೈದ ಬಂದಿಳಿದ. ಹೆಂಡತಿಯ ತಮ್ಮ, ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು. ಪಕ್ಕದ ಸೀಟಿನಲ್ಲಿ ಕೂತು ತನ್ನದೇ ಬ್ರೇಕು ಒತ್ತಿ ಒತ್ತಿ ಅಭ್ಯಾಸವಾಗಿ, ಎದುರಿನವರ ಮಾತು ಅಪಾಯದ ಕಡೆ ತಿರುಗಿದರೆ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಬಂದವನೇ ಅಡುಗೆಮನೆ ನೋಡಿದ, ಮಂಚದ ಕೆಳಗೆ ನೋಡಿದ, ಹೊಸ ಬಣ್ಣ ಕಾಣದ ಗೋಡೆಗಳನ್ನು ನೋಡಿದ.

"ಭಾವ, ಒಂದೇ ಮಾತು ಕೇಳ್ತೀನಿ. ಮನೇಲಿ ಯಾರಿದಾರೆ?"

"ಯಾರೂ ಇಲ್ಲ ಕಣೋ."

"ಪರದೆ ಯಾಕೆ?"

"ಬಿಸಿಲು ಆಗಲ್ಲ."

"ಯಾರಿಗೆ ಆಗಲ್ಲ?"

ಸಾಹೇಬರು ಪರದೆಯ ಅಂಚು ಸರಿಪಡಿಸಿದರು. ಬಾಮೈದನ ಕಾಲು ನೆಲ ಒತ್ತಿತು. "ಭಾವ, ನಾನು ಅಕ್ಕನ ಕಡೆಯಿಂದ ಬಂದಿರೋದು. ಹೆಡ್‌ಮೇಡಂ ಏನೇನೋ ಹೇಳಿದಾರೆ. ಬೇರೆ ಯಾರನ್ನಾದ್ರೂ ಮನೇಲಿ ಇಟ್ಕೊಂಡಿದೀರಾ, ಇಲ್ಲ ಇನ್ನೇನಾದ್ರೂ ವಿಷಯ ಇದೆಯಾ? ಎರಡರಲ್ಲಿ ಒಂದು ಹೇಳಿ."

ಸಾಹೇಬರು, "ಯೋಚನೆ ಮಾಡೋಕೆ ಸ್ವಲ್ಪ ಟೈಮ್ ಕೊಡು" ಎಂದರು. ಮನೆಯಲ್ಲಿ ಇನ್ನೊಬ್ಬಳಿದ್ದಾಳೆ ಎಂಬುದೋ, ಒಂಬತ್ತೂ ಹೂವು ಉದುರಿವೆ ಎಂಬುದೋ, ಹೆಂಡತಿಗೆ ಯಾವುದು ಕಡಿಮೆ ನೋವೆಂದು ಅವರು ನಿಜವಾಗಿಯೂ ತೂಗಿ ನೋಡುತ್ತಿದ್ದರು. ಕೊನೆಗೆ ಸ್ನಾನದ ಮನೆಯ ಬಾಗಿಲು ತೆರೆದು ತೋರಿಸಿದರು. ಹಬೆಯ ನಡುವೆ ಮಣೆಯ ಮೇಲೆ ಒಂದು ಕಡ್ಡಿ ಕೂತಿತ್ತು.

ಬಾಮೈದ ಕಥೆಯನ್ನೆಲ್ಲ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡ. ಸಾಹೇಬರು ಅವನ ಎರಡು ಕೈ ಹಿಡಿದರು. "ಅವಳಿಗೆ ಹೇಳ್ಬೇಡ ಕಣೋ. ಆ ಹೂವನ್ನೇ ನೆನೆಸ್ಕೊಂಡು ದಿನ ತಳ್ತಿದಾಳೆ."

"ಆಣೆ ಭಾವ. ಒಂದಕ್ಷರ ಹೇಳಲ್ಲ."

ಮಾತಿಗೆ ತಪ್ಪದ ಮನುಷ್ಯ ಅವನು. ಅಕ್ಕನ ಮುಂದೆ ಹೋಗಿ ನಿಂತು, "ಅಕ್ಕ, ನಾನು ನೋಡ್ಬಂದೆ. ಆದ್ರೆ ಏನು ನೋಡಿದೆ ಅಂತ ಹೇಳಲ್ಲ, ಭಾವನಿಗೆ ಆಣೆ ಇಟ್ಟಿದೀನಿ. ಪಾಪ, ಅವರ ಕಣ್ಣಲ್ಲಿ ನೀರಿತ್ತು. ನೀನು ಸದ್ಯಕ್ಕೆ ಹೋಗದೇ ಇರೋದೇ ಒಳ್ಳೇದು" ಎಂದ.

ಅಂದಿನಿಂದ ಸಂಜೆಯ ಫೋನು ನಿಂತುಹೋಯಿತು. ಸಾಹೇಬರು ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಮೊದಲ ದಿನ ಲೈನು ಸರಿಯಿಲ್ಲ ಎಂದುಕೊಂಡರು. ಎರಡನೆಯ ದಿನ ತಮ್ಮ ಫೋನನ್ನು ರಿಪೇರಿಯವನಿಗೆ ತೋರಿಸಿದರು. ಅವನು ಎದುರಿಗೇ ಕರೆ ಮಾಡಿ, ಅದು ಗಣಗಣ ಬಾರಿಸಿದಾಗ, "ಚೆನ್ನಾಗೇ ಇದೆಯಲ್ಲ ಸಾರ್" ಎಂದ. ಮೂರನೆಯ ಸಂಜೆ ಆರು ಗಂಟೆಗೆ ಅವರ ಬಾಯಿಗೆ ಪದ್ಯ ಬರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಪರದೆಗಳನ್ನು ಕಿತ್ತು, ಕುಂಡವನ್ನು ಕಂಕುಳಲ್ಲಿ ಇಟ್ಟುಕೊಂಡು, ಮುಖಕ್ಷೌರವನ್ನೂ ಮಾಡಿಕೊಳ್ಳದೆ ಏಳು ಗಂಟೆಯ ದಾರಿಯ ಬಸ್ಸು ಹತ್ತಿದರು. ತೊಡೆಯ ಮೇಲೆ ಕಡ್ಡಿ ಇಟ್ಟುಕೊಂಡು ಕೂತ ಮನುಷ್ಯನ ಪಕ್ಕ ಈ ಸಲವೂ ಯಾರೂ ಕೂರಲಿಲ್ಲ. ಅವರು ಗಮನಿಸಲೂ ಇಲ್ಲ.

ಬಾಗಿಲು ತೆರೆದವರು ಅತ್ತಿಗೆ, ಕೋಲೂರಿಕೊಂಡು. ಸಾಹೇಬರನ್ನು ಮೇಲಿನಿಂದ ಕೆಳಗೆ ನೋಡಿ, "ಬಂದ್ರಾ? ಬನ್ನಿ. ಕಡ್ಡಿ ಬೇರೆ ಹಿಡ್ಕೊಂಡು ಬಂದಿದೀರಿ. ಯಾರಿಗೆ ಹೊಡಿಯೋಕೆ?" ಎಂದರು.

"ಅವಳು ಎಲ್ಲಿ ಅತ್ತಿಗೆ?"

ಅವಳು ಹಿತ್ತಲಿನ ಬಾಗಿಲಲ್ಲಿ, ಒಣಗಿದ ಬಟ್ಟೆಯ ಹೊರೆಯನ್ನು ಎದೆಗೆ ಹಿಡಿದು ನಿಂತಿದ್ದಳು. ಬಟ್ಟೆಯ ಮೇಲಿನಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಸಾಹೇಬರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಎಲ್ಲೋ ಉದುರಿಹೋಗಿದ್ದವು. ಕುಂಡವನ್ನು ನೆಲದ ಮೇಲಿಟ್ಟರು. ಜೇಬಿನಿಂದ ಕವರು ತೆಗೆದು ಅದರ ಪಕ್ಕದಲ್ಲಿ ಸುರಿದರು. ಒಣಗಿ, ಕಂದಿ, ಕಾಗದದ ಚೂರಿನಂತಾಗಿದ್ದ ಒಂಬತ್ತು.

"ಒಂಬತ್ತೂ ಉದುರಿದ್ವು" ಎಂದರು. "ಮತ್ತೆ ಬಿಡೋಕೆ ಎಂಟು ತಿಂಗಳಂತೆ."

ಆಕೆ ಹೂವು ನೋಡಿದಳು, ಕಡ್ಡಿ ನೋಡಿದಳು, ಗಂಡನ ಗಡ್ಡ ನೋಡಿದಳು. "ಇದಕ್ಕಾ?"

"ಇದಕ್ಕೇ."

"ಪರದೆ?"

"ಇದಕ್ಕೇ."

"ಸಮಾಧಾನ ಮಾಡ್ತಿದ್ದಿದ್ದು?"

ಸಾಹೇಬರು ಕಡ್ಡಿಯ ಕಡೆ ಬೆರಳು ತೋರಿಸಿದರು.

"ಎಂಟು ತಿಂಗಳೂ ನನ್ನ ಇಲ್ಲೇ ಇರು ಅಂತಿದ್ರಾ?"

"ಅನ್ನೋಕೆ ನೋಡ್ದೆ. ನಿನ್ನ ಫೋನಿಲ್ಲದೆ ಮೂರು ದಿನಕ್ಕೇ ಆಗ್ಲಿಲ್ಲ."

ಆಕೆ ಬಟ್ಟೆಯ ಹೊರೆಯಲ್ಲಿ ಮುಖ ಹುದುಗಿಸಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗದೆ ಸಾಹೇಬರು ಎರಡಕ್ಕೂ ಹೊಂದುವಂತೆ ಮುಖ ಮಾಡಿಕೊಂಡು ನಿಂತರು. ಅತ್ತಿಗೆ ಕೋಲಿನಿಂದ ಬಾಗಿಲ ಮೂಲೆ ತೋರಿಸಿದರು. ಅಲ್ಲೊಂದು ಪೆಟ್ಟಿಗೆ ಇತ್ತು.

"ಮೊದಲು ಅದನ್ನ ಎತ್ಕೊಂಡು ಹೋಗಿ. ಹೊರಡ್ತೀನಿ ಅಂದ ಆ ಮೊದಲ ಭಾನುವಾರ ಕಟ್ಟಿ ಇಟ್ಟಿದ್ದು, ಇವತ್ತಿಗೂ ಖಾಲಿ ಮಾಡಿಲ್ಲ. ದಿನಾ ಬೆಳಿಗ್ಗೆ ಅದರಿಂದ ಒಂದು ಸೀರೆ ತೆಗೀತಾಳೆ, ಒಗೆದು ಮಡಿಸಿ ಸಂಜೆ ಅದರಲ್ಲೇ ಇಡ್ತಾಳೆ. ಬೀರು ಖಾಲಿ ಇದೆ ಕಣೇ ಅಂದ್ರೆ ಕೇಳಲ್ಲ. ನಾನು ಎರಡು ಸಲ ಎಡವಿದೀನಿ. ಒಂದು ಕಾಲು ಮುರಿದಿದ್ದು ಸಾಲದಾ?"

"ಅಕ್ಕ, ಸುಮ್ನಿರು" ಎಂದಳು ತಂಗಿ, ಬಟ್ಟೆಯೊಳಗಿಂದ.

"ಸುಮ್ನಿದ್ದು ಸುಮ್ನಿದ್ದೇ ಇಷ್ಟಾಯ್ತು. ಆ ಗಿಡ ಬೇಕಿದ್ರೆ ಇಲ್ಲೇ ಬಿಟ್ಟು ಹೋಗಿ. ಹೂ ಬಿಟ್ಟ ಮೇಲೆ ಹೇಳಿ ಕಳಿಸ್ತೀನಿ."

ಹೆಂಡತಿ ಬಟ್ಟೆಯನ್ನು ಕೆಳಗಿಟ್ಟು, ಬಾಗಿ, ಕುಂಡವನ್ನು ಎತ್ತಿಕೊಂಡಳು. "ಬೇಡಕ್ಕ. ಅದು ಹೂ ಬಿಡೋವಾಗ ನಾನು ಮನೇಲಿರ್ಬೇಕು."

ಸಂಜೆಯ ಬಸ್ಸಿನಲ್ಲಿ ಇಬ್ಬರ ಸೀಟು ಸಿಕ್ಕಿತು. ಕಿಟಕಿಯ ಕಡೆ ಆಕೆ, ಮಡಿಲಲ್ಲಿ ಕುಂಡ. ಇತ್ತ ಸಾಹೇಬರು, ತೊಡೆಯ ಮೇಲೆ ಪೆಟ್ಟಿಗೆ. ಊರು ದಾಟಿ ರಸ್ತೆ ನೇರವಾದ ಮೇಲೆ ಆಕೆ ಮುಖ ತಿರುಗಿಸದೆಯೇ, "ಸ್ವಲ್ಪ ಆ ಕಡೆ ಸರೀರಿ. ಎಲೆಗೆ ನಿಮ್ಮ ತೋಳು ತಾಗ್ತಿದೆ" ಎಂದಳು.

ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ಆದರೂ ಸಾಹೇಬರು, ಇನ್ನೊಮ್ಮೆ ಹೇಳಬೇಕಾಗಿ ಬರಲಿ ಎಂದು, ಅರ್ಧ ಇಂಚು ಮಾತ್ರ ಸರಿದು ಕೂತರು.